ಸತ್ತ ಮಂಗಗಳನ್ನು ಎಣಿಸುವ ಮೊದಲು ಬದುಕಿರುವ ಮಂಗಗಳನ್ನು ಎಣಿಸಿ: ಕಾಡಂಚಿನ ಊರುಗಳಿಗೊಂದು ಮಾರ್ಗದರ್ಶಿ

ಪ್ರತಿ ವರ್ಷ ಜನವರಿ ಬಂತೆಂದರೆ ನನ್ನ ಮೊಬೈಲ್‌ಗೆ ಒಂದೇ ಬಗೆಯ ಕರೆಗಳು ಬರುತ್ತವೆ. "ಸರ್, ನಮ್ಮ ಬೆಟ್ಟದಲ್ಲಿ ನಾಲ್ಕು ಮಂಗ ಸತ್ತಿವೆ. ಮಂಗನ ಕಾಯಿಲೆ ಬಂತೇ?" ಯಾರಾದರೂ ಅವುಗಳನ್ನು ಮುಟ್ಟಿದ್ದಾರೆಯೇ ಎಂದು ನಾನು ಮೊದಲು ಕೇಳುತ್ತೇನೆ. ಎರಡನೆಯ ಪ್ರಶ್ನೆ, "ನಿಮ್ಮ ಊರಿನ ಸುತ್ತ ಒಟ್ಟು ಎಷ್ಟು ಮಂಗಗಳಿವೆ?" ಅಲ್ಲಿಗೆ ಆ ಕಡೆ ಮಾತು ನಿಲ್ಲುತ್ತದೆ.

ಇಪ್ಪತ್ತು ಮಂಗಗಳಿರುವ ಕಡೆ ನಾಲ್ಕು ಸತ್ತರೆ ಐದರಲ್ಲೊಂದು ಹೋಯಿತು. ಇನ್ನೂರು ಇರುವ ಕಡೆ ನಾಲ್ಕು ಸತ್ತರೆ ಐವತ್ತರಲ್ಲೊಂದು. ಸುದ್ದಿ ಎರಡೂ ಕಡೆ ಒಂದೇ, ಅರ್ಥ ಬೇರೆ ಬೇರೆ. ಕಾಡುಪ್ರಾಣಿಗಳ ಸೋಂಕಿನ ಅಧ್ಯಯನದಲ್ಲಿ ನಾನು ಕಲಿತ ಎಲ್ಲಕ್ಕಿಂತ ದೊಡ್ಡ ಪಾಠ ಇದು: ಬದುಕಿರುವವುಗಳ ಲೆಕ್ಕವಿಲ್ಲದೆ ಸತ್ತವುಗಳ ಲೆಕ್ಕಕ್ಕೆ ಬೆಲೆಯಿಲ್ಲ. ಏನೂ ಸಿಗದ ದಿನವನ್ನೂ ಬರೆದಿಡದಿದ್ದರೆ ಸಿಕ್ಕಿದ ದಿನದ ಬರಹಕ್ಕೂ ಬೆಲೆಯಿಲ್ಲ.

ಈ ಬರಹ ಮಲೆನಾಡಿನ ಮತ್ತು ಪಶ್ಚಿಮ ಘಟ್ಟದ ಅಂಚಿನ ಊರುಗಳ ಶಿಕ್ಷಕರು, ಜೀವಶಾಸ್ತ್ರ ಓದುತ್ತಿರುವ ಕಾಲೇಜು ವಿದ್ಯಾರ್ಥಿಗಳು, ಯುವಕ ಸಂಘದವರು, ಪಂಚಾಯಿತಿ ಸದಸ್ಯರಿಗಾಗಿ. ಇದರಲ್ಲಿ ಕೆಲವು ಕೆಲಸಗಳನ್ನು ಯಾರು ಬೇಕಾದರೂ ಮಾಡಬಹುದು. ಕೆಲವನ್ನು ತರಬೇತಿ ಪಡೆದವರೇ ಮಾಡಬೇಕು. ಆ ಗೆರೆ ಎಲ್ಲಿದೆ ಎಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ. ದಯವಿಟ್ಟು ಅದನ್ನು ದಾಟಬೇಡಿ.

ಮೊದಲು ಕಾಯಿಲೆಯ ದಾರಿ ತಿಳಿಯಿರಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಅದೇ ಹೊತ್ತಿಗೆ ಕಾಡಿಗೆ ಹೋಗಿ ಬಂದ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿಯುತ್ತಿದ್ದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಮಂಗಗಳನ್ನು ಹೀಗೆಯೇ ಕೊಲ್ಲುತ್ತದೆ. ಹಾಗಾಗಿ ಅದೇ ಇಲ್ಲಿಗೂ ಬಂತೇ ಎಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಬಂದು ನೋಡಿದಾಗ ಅದು ಹೊಸ ವೈರಾಣು ಎಂದು ತಿಳಿಯಿತು. ಸೊಳ್ಳೆಯಿಂದ ಹರಡುವಂಥದ್ದಲ್ಲ, ಉಣುಗಿನಿಂದ ಹರಡುವಂಥದ್ದು. ಅದರ ಹತ್ತಿರದ ಬಂಧು ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಾಣು. ಅಲ್ಲಿಂದ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದವೇನೋ ಎಂಬ ಗುಮಾನಿಯಿಂದ, ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ಹಕ್ಕಿಗಳ ಮೇಲಿನ ಆರೋಪ ಗಟ್ಟಿಯಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇಂದು ಗೊತ್ತಿರುವ ಎಷ್ಟೋ ಸಂಗತಿಗಳು ಆ ಹುಡುಕಾಟದಿಂದ ಬಂದವು.

ಉಣುಗಿನ ಬಾಳ್ವೆಯನ್ನು ಚೆನ್ನಾಗಿ ಅರಿತುಕೊಳ್ಳಿ. ಮುಂದಿನ ಎಲ್ಲ ಕೆಲಸದ ಕಾಲಪಟ್ಟಿ ಅದರ ಮೇಲೆಯೇ ನಿಂತಿದೆ. ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ಮಳೆಗಾಲದಲ್ಲಿ ಬಲಿತ ಹೆಣ್ಣು ಉಣುಗು ದನ, ಕಡವೆಯಂಥ ದೊಡ್ಡ ಪ್ರಾಣಿಯ ಮೈಮೇಲೆ ರಕ್ತ ಕುಡಿದು ಊದಿಕೊಂಡು ಕೆಳಗೆ ಉದುರುತ್ತದೆ. ತರಗೆಲೆಯ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಮರಿಗಳು ಹೊರಬರುತ್ತವೆ. ಧೂಳಿನ ಕಣದಷ್ಟಿರುವ ಇವು ಎಲೆಯ ತುದಿಯಲ್ಲಿ ಗುಂಪುಗುಂಪಾಗಿ ಕಾದು ಕೂರುತ್ತವೆ. ಇಲಿ, ಸೊಂಡಿಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಮಂಗ, ಹೀಗೆ ಯಾವುದು ಹಾದು ಹೋದರೂ ಅದಕ್ಕೆ ಅಂಟಿಕೊಳ್ಳುತ್ತವೆ. ರಕ್ತ ಕುಡಿದು ಉದುರಿ, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗುಗಳಾಗುತ್ತವೆ. ಇವನ್ನೇ ವಿಜ್ಞಾನಿಗಳು ನಿಂಫ್ ಎನ್ನುತ್ತಾರೆ. ಮನುಷ್ಯನಿಗೆ ಅಪಾಯ ತರುವವು ಹೆಚ್ಚಾಗಿ ಇವೇ. ಎಳ್ಳುಕಾಳಿಗಿಂತ ಚಿಕ್ಕವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನವೆಂಬರ್‌ನಿಂದ ಮೇ ತನಕ ಇವುಗಳ ಕಾಲ. ಜನರಲ್ಲಿ ಕಾಯಿಲೆ ಹೆಚ್ಚುವುದೂ ಆಗಲೇ. ಅಡಿಕೆ ಕೊಯ್ಲು, ಸೊಪ್ಪು ತರುವುದು, ಕೊಟ್ಟಿಗೆಗೆ ದರಕು, ಅಂದರೆ ಒಣ ತರಗೆಲೆ, ಗುಡಿಸುವುದು, ಸೌದೆ ಹೊರುವುದು, ಮಲೆನಾಡಿನ ಜನ ಕಾಡಿಗೆ ಹೋಗುವ ಎಲ್ಲ ಕೆಲಸವೂ ಅದೇ ತಿಂಗಳುಗಳಲ್ಲಿ ಬೀಳುತ್ತದೆ.

ಮಂಗಗಳ ಪಾತ್ರವೇನು? ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯವಿವೆ. ಕಪ್ಪು ಮೂತಿಯ, ಉದ್ದ ಬಾಲದ ಮುಸಿಯ ಒಂದು. ಕೆಂಪು ಮೂತಿಯ ಸಾಮಾನ್ಯ ಮಂಗ ಇನ್ನೊಂದು. ಎರಡೂ ಈ ಕಾಯಿಲೆಗೆ ಬಲಿಯಾಗುತ್ತವೆ, ಮುಸಿಯಗಳು ಹೆಚ್ಚಾಗಿ. ಸೋಂಕಿತ ಮಂಗದ ರಕ್ತದಲ್ಲಿ ಕೆಲವು ದಿನ ವೈರಾಣು ತುಂಬಿ ತುಳುಕುತ್ತದೆ. ಆಗ ಅದರ ರಕ್ತ ಹೀರಿದ ನೂರಾರು ಉಣುಗು ಮರಿಗಳಿಗೆ ಸೋಂಕು ತಗಲುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳೆಲ್ಲ ಅಲ್ಲೇ ಇಳಿಯುತ್ತವೆ. ಆ ಜಾಗ ಸೋಂಕಿನ ಗೂಡಾಗುತ್ತದೆ. ಮಂಗ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ನಮ್ಮಂತೆಯೇ ಅದೂ ನರಳುತ್ತದೆ. ಹೆಸರಿನ ದೆಸೆಯಿಂದ ಮಂಗಗಳನ್ನು ಓಡಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಮಗೆ ಮುನ್ಸೂಚನೆ ಕೊಡುವ ಪ್ರಾಣಿ ಅದು.

ಒಂದನೇ ಹೆಜ್ಜೆ: ಊರಿನವರ ಜೊತೆ ಕುಳಿತುಕೊಳ್ಳಿ

ನಕ್ಷೆ, ಜಿಪಿಎಸ್ ಎಲ್ಲ ಆಮೇಲೆ. ಮಳೆ ಮುಗಿಯುತ್ತಿದ್ದಂತೆ, ಅಕ್ಟೋಬರ್ ಮೊದಲ ವಾರದಲ್ಲಿ ಮನೆಮನೆಗೆ ಹೋಗಿ. ದನ ಮೇಯಿಸುವವರು, ದರಕು ತರುವ ಹೆಂಗಸರು, ತೋಟದಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಗಾರರು, ಜೇನು ಬಿಡಿಸುವವರು, ಇವರಿಗೆ ಗೊತ್ತಿರುವಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

"ಮಂಗಗಳು ಕಡಿಮೆಯಾಗಿವೆಯೇ?" ಎಂದು ನೇರವಾಗಿ ಕೇಳಬೇಡಿ. ಜನ ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಒಮ್ಮೆ ಹೊಸನಗರ ಕಡೆಯ ಒಂದು ಮನೆಯ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದೆ. ಮಂಗಗಳ ಬಗ್ಗೆ ಅಜ್ಜಿಯೊಬ್ಬರು ಏನೂ ಹೇಳಲಿಲ್ಲ. ಹೊರಡುವಾಗ ನನ್ನ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟು, "ತೆಗೆದುಕೋ ತಮ್ಮಾ, ಈ ವರ್ಷ ಗೊನೆಗಳೆಲ್ಲ ಇಡಿಯಾಗಿ ಮನೆಗೆ ಬಂದಿವೆ" ಎಂದರು. ಹತ್ತು ವರ್ಷಗಳಿಂದ ಮಂಗಗಳ ಜೊತೆ ಹಂಚಿಕೊಂಡ ಬಾಳೆ ಆ ವರ್ಷ ಇಡಿಯಾಗಿ ಉಳಿದಿತ್ತು. ನನಗೆ ಬೇಕಾದ ಮಾಹಿತಿ ಆ ಚಿಪ್ಪಿನಲ್ಲಿತ್ತು. ಅಂದಿನಿಂದ ಪ್ರಶ್ನೆಗಳನ್ನು ತೋಟದ ಕಡೆಯಿಂದ ಕೇಳುತ್ತೇನೆ: ಬಾಳೆ ಎಷ್ಟು ಉಳಿಯಿತು, ಏಲಕ್ಕಿಗೆ ಕಾವಲು ಕೂತಿರಾ, ನಾಯಿ ಬೆಳಿಗ್ಗೆ ಯಾವ ದಿಕ್ಕಿಗೆ ಬೊಗಳುತ್ತದೆ, ಎಲ್ಲಿಂದಲೋ ಮಂಗಗಳನ್ನು ಲಾರಿಯಲ್ಲಿ ತಂದು ಬಿಟ್ಟ ಸುದ್ದಿ ಇದೆಯೇ. ಕೊನೆಯ ಪ್ರಶ್ನೆ ಮುಖ್ಯ. ಹೊರಗಿನ ಮಂಗಗಳು ಬಂದರೆ ನಿಮ್ಮ ಎಣಿಕೆಯೂ ಕೆಡುತ್ತದೆ, ಸೋಂಕಿನ ದಾರಿಯೂ ಬದಲಾಗಬಹುದು.

ಮಾತು ಮುಗಿದ ಮೇಲೆ ದೊಡ್ಡ ಹಾಳೆಯ ಮೇಲೆ ಊರಿನವರಿಂದಲೇ ಚಿತ್ರ ಬರೆಸಿ. ಮನೆ, ತೋಟ, ಸೊಪ್ಪಿನ ಬೆಟ್ಟ, ಕಾನು (ದಟ್ಟ ಕಾಡು), ದನ ಹೋಗುವ ಜಾಡು, ದರಕು ಗುಡಿಸುವ ಜಾಗ, ಮಂಗಗಳು ರಾತ್ರಿ ಮಲಗುವ ಮರ, ಹಿಂದೆ ಮಂಗ ಸತ್ತ ಜಾಗ. ಈ ಹಾಳೆಯೇ ನಿಮ್ಮ ಅಧ್ಯಯನದ ಬುನಾದಿ.

ಎರಡನೇ ಹೆಜ್ಜೆ: ಅನುಮತಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡಬೇಡಿ. ರಸ್ತೆಯಲ್ಲಿ, ಸ್ವಂತ ತೋಟದಲ್ಲಿ ನಿಂತು ಮಂಗಗಳನ್ನು ಎಣಿಸಲು ಯಾರ ಅಪ್ಪಣೆಯೂ ಬೇಡ. ಅರಣ್ಯದೊಳಗೆ ಹೋಗಲು ವಲಯ ಅರಣ್ಯ ಅಧಿಕಾರಿಗೆ ಪತ್ರ ಕೊಡಿ. ಪ್ರಾಣಿಯನ್ನು ಹಿಡಿಯುವುದು, ರಕ್ತ ತೆಗೆಯುವುದು ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯ ನೈತಿಕತೆ ಸಮಿತಿಯ ಒಪ್ಪಿಗೆಯೂ ಬೇಕು. ತಾಲ್ಲೂಕು ಆರೋಗ್ಯಾಧಿಕಾರಿಗೂ ಪಶುವೈದ್ಯರಿಗೂ ಮೊದಲೇ ತಿಳಿಸಿ. ಮುಂದೆ ಮಂಗ ಸತ್ತ ದಿನ ನೀವು ಕರೆ ಮಾಡಬೇಕಾದವರು ಅವರೇ. ಅಂದು ನಿಮ್ಮ ದನಿ ಅವರಿಗೆ ಗುರುತಿನದ್ದಾಗಿರಲಿ.

ಮೂರನೇ ಹೆಜ್ಜೆ: ಬದುಕಿರುವ ಮಂಗಗಳ ಎಣಿಕೆ

ನವೆಂಬರ್‌ನಲ್ಲಿ, ಸಾವಿನ ಕಾಲ ಶುರುವಾಗುವ ಮೊದಲು, ಇದನ್ನು ಮುಗಿಸಿ. ಎಣಿಸಬೇಕಾದದ್ದು ಗುಂಪುಗಳನ್ನು, ಆಮೇಲೆ ಗುಂಪಿನೊಳಗಿನ ಮಂಗಗಳನ್ನು.

ಮರದ ಮೇಲೆ ಚದುರಿದ ಗುಂಪನ್ನು ಎಣಿಸಲು ಹೊರಟರೆ ಸೋಲುತ್ತೀರಿ. ಅವು ದಾಟುವ ಜಾಗದಲ್ಲಿ ಕಾಯಿರಿ. ಬೆಳಿಗ್ಗೆ ಆರೂವರೆಯಿಂದ ಎಂಟರ ನಡುವೆ ಮಲಗಿದ್ದ ಮರದಿಂದ ಹೊರಟ ಮುಸಿಯಗಳು ರಸ್ತೆಯನ್ನೋ ಹಳ್ಳವನ್ನೋ ದಾಟುವಾಗ ಒಂದರ ಹಿಂದೆ ಒಂದು ಒಂದೇ ಕೊಂಬೆಯಿಂದ ಜಿಗಿಯುತ್ತವೆ. ಮೊದಲು ದೊಡ್ಡ ಗಂಡು ಬಂದು ಕೊಂಬೆ ತೂಗಿ ನೋಡಬಹುದು, ಅನಂತರ ಹೊಟ್ಟೆಗೆ ಮರಿ ಅವಚಿದ ತಾಯಿಯರು, ಕೊನೆಗೆ ಜಿಗಿಯಲು ಹೆದರಿ ಕೂಗುವ ಎಳೆಯವು. ಆ ಎರಡು ನಿಮಿಷದಲ್ಲಿ ನೀವು ಒಂದೊಂದನ್ನೂ ಬಿಡದೆ ಎಣಿಸಬಹುದು. ಮೂರು ಬೇರೆ ಬೇರೆ ದಿನ ಎಣಿಸಿ, ಹೆಚ್ಚು ಬಂದ ಸಂಖ್ಯೆಯನ್ನು ಇಟ್ಟುಕೊಳ್ಳಿ. ಇಲ್ಲಿ ತಪ್ಪು ಸಾಮಾನ್ಯವಾಗಿ ಕಡಿಮೆ ಎಣಿಸುವ ಕಡೆಗೇ ಆಗುತ್ತದೆ. ಗಂಡು, ಹೆಣ್ಣು, ಎಳೆಯದು, ಮಡಿಲ ಮರಿ ಎಂದು ನಾಲ್ಕು ಕಾಲಂ ಸಾಕು. ಮೂತಿಯ ಬಣ್ಣ ನೋಡಿ ಜಾತಿಯನ್ನೂ ಬರೆಯಿರಿ. ಗುಂಪಿನ ಗುರುತಿಗೆ ಬಾಲ ತುಂಡಾದ ಗಂಡು, ಕಿವಿ ಹರಿದ ಹೆಣ್ಣು, ಇಂಥ ಒಂದಾದರೂ ಸಿಗುತ್ತದೆ. ಹೆಸರಿಡಲು ಮಕ್ಕಳಿಗೆ ಬಿಡಿ, ಅವರು ಮರೆಯುವುದಿಲ್ಲ.

ಎಲ್ಲ ಗುಂಪುಗಳೂ ನಿಮಗೆ ಕಾಣಿಸಿದವು ಎಂದು ಹೇಗೆ ನಂಬುವುದು? ಇದಕ್ಕೊಂದು ಸರಳವಾದ ಗಣಿತವಿದೆ. ಇಬ್ಬರು ಅದೇ ಪ್ರದೇಶದಲ್ಲಿ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಗುಂಪುಗಳನ್ನು ಹುಡುಕಲಿ. ಮೊದಲನೆಯವರಿಗೆ 12 ಗುಂಪು ಕಂಡವು ಎನ್ನೋಣ. ಎರಡನೆಯವರಿಗೆ 10. ಕೂತು ಹೋಲಿಸಿದಾಗ ಇಬ್ಬರೂ ಕಂಡದ್ದು 8. ಎರಡನೆಯವರು ಕಂಡ ಹತ್ತರಲ್ಲಿ ಎಂಟನ್ನು ಮೊದಲನೆಯವರು ಹಿಡಿದಿದ್ದಾರೆ, ಅಂದರೆ ಅವರ ಕಣ್ಣಿಗೆ ನೂರಕ್ಕೆ ಎಂಬತ್ತು ಬೀಳುತ್ತವೆ. ಅವರು ಕಂಡ 12 ಎಂಬುದು ಒಟ್ಟಿನ ನೂರಕ್ಕೆ ಎಂಬತ್ತು ಎಂದಾದರೆ ಒಟ್ಟು ಗುಂಪುಗಳು ಸುಮಾರು 15. ಹನ್ನೆರಡನ್ನು ಹತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದರೂ ಅದೇ ಬರುತ್ತದೆ. ಇಬ್ಬರೂ ಒಟ್ಟಾಗಿ ಕಂಡದ್ದು 14. ಯಾರ ಕಣ್ಣಿಗೂ ಬೀಳದ ಒಂದು ಗುಂಪು ಎಲ್ಲೋ ಇದೆ ಎಂದು ಲೆಕ್ಕ ಹೇಳುತ್ತಿದೆ. ಕಾಣದ್ದನ್ನು ಎಣಿಸುವ ಈ ಉಪಾಯ ಮೊದಲ ಬಾರಿ ಅರ್ಥವಾದ ದಿನದ ಸಂತೋಷ ನನಗೆ ಇನ್ನೂ ನೆನಪಿದೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾದಲ್ಲಿ ಸೆರೆಯಾದ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಸಂಖ್ಯೆ ಅಂದಾಜು ಮಾಡಿದ್ದರ ಹಿಂದೆಯೂ ಇದೇ ತತ್ವದ ಬೆಳೆದ ರೂಪವಿದೆ.

ಈ ಲೆಕ್ಕ ನಿಲ್ಲಬೇಕಾದರೆ ಮೂರು ಷರತ್ತು: ಇಬ್ಬರೂ ನಿಜವಾಗಿ ಬೇರೆ ಬೇರೆಯಾಗಿಯೇ ಹುಡುಕಿರಬೇಕು, ಗುಂಪಿನ ಗುರುತು ತಪ್ಪಬಾರದು, ಎಣಿಕೆಯ ದಿನಗಳಲ್ಲಿ ಗುಂಪುಗಳು ಹೊರಗೆ ಹೋಗುವುದೋ ಒಳಗೆ ಬರುವುದೋ ಆಗಬಾರದು. ಆದ್ದರಿಂದ ಇಡೀ ಎಣಿಕೆಯನ್ನು ಒಂದು ವಾರದೊಳಗೆ ಮುಗಿಸಿ.

ಇಲಿ, ಸೊಂಡಿಲಿಗಳ ಸಂಖ್ಯೆ ತಿಳಿಯಲು ಸಂಶೋಧಕರು ಬಳಸುವುದೂ ಇದನ್ನೇ. ರಾತ್ರಿ ಬೋನಿಟ್ಟು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿಯುತ್ತಾರೆ. 40ಕ್ಕೆ ಗುರುತು ಹಾಕಿ ಬಿಟ್ಟು, ಎರಡನೇ ಸಲ 35 ಸಿಕ್ಕಿ, ಅವುಗಳಲ್ಲಿ 10ಕ್ಕೆ ಗುರುತಿದ್ದರೆ ಒಟ್ಟು ಸುಮಾರು 140. ಇದನ್ನು ನೀವು ಮಾಡಬೇಡಿ. ಕಾಡಿನ ಇಲಿಯ ಮೂತ್ರ, ಕಡಿತ, ಅದರ ಮೈಮೇಲಿನ ಉಣುಗು ಎಲ್ಲವೂ ಸೋಂಕು ತರಬಲ್ಲವು. ನಾನು ಹೇಳಿದ ಗೆರೆ ಇಲ್ಲಿ ಬರುತ್ತದೆ.

ನಾಲ್ಕನೇ ಹೆಜ್ಜೆ: ಉಣುಗಿನ ಲೆಕ್ಕ

ಇದನ್ನು ಆರೋಗ್ಯ ಇಲಾಖೆಯ ಕೀಟಶಾಸ್ತ್ರ ಸಿಬ್ಬಂದಿಯ ಅಥವಾ ತರಬೇತಿ ಪಡೆದ ಪ್ರಾಧ್ಯಾಪಕರ ಜೊತೆಯಲ್ಲೇ ಮಾಡಿ. ಹದಿನೆಂಟು ತುಂಬದವರನ್ನು ಕರೆದೊಯ್ಯಬೇಡಿ.

ಬೇಕಾದ ಸಾಮಾನುಗಳು ಕೆಲವೇ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಿಳಿ ಫ್ಲಾನೆಲ್ ಬಟ್ಟೆ, ಅದರ ಒಂದು ಅಂಚಿಗೆ ಹೊಲಿದ ಕೋಲು, ಎಳೆಯಲು ಹಗ್ಗ, ಚೂಪು ಮೂತಿಯ ಚಿಮುಟ, ಬಿಗಿ ಮುಚ್ಚಳದ ಸೀಸೆಗಳು, ಪೆನ್ಸಿಲ್, ನೂರು ಮೀಟರ್ ಅಳೆದ ಹಗ್ಗ. ಪೆನ್ ಬೇಡ, ಆಲ್ಕೋಹಾಲ್ ತಗುಲಿದರೆ ಶಾಯಿ ಅಳಿಸಿ ಹೋಗುತ್ತದೆ.

ಉಡುಪು ತಿಳಿ ಬಣ್ಣದ್ದಿರಲಿ, ಹತ್ತಿದ ಉಣುಗು ಕಾಣಬೇಕು. ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಉಣುಗು ಹತ್ತದಂತೆ ತಡೆಯಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಕಾಡಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಬಟ್ಟೆ ಒದ್ದೆಯಾದರೆ ಉಣುಗು ಹಿಡಿಯುವುದಿಲ್ಲ. ಅಳತೆಯ ಹಗ್ಗದ ಪಕ್ಕದಲ್ಲೇ ಬಟ್ಟೆಯನ್ನು ನಿಧಾನಕ್ಕೆ ನೆಲಕ್ಕೆ ಉಜ್ಜುತ್ತ ಎಳೆಯಿರಿ. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆಯನ್ನು ಮಗುಚಿ ಬಿಸಿಲಿಗೆ ಹಿಡಿಯಿರಿ. ಮೊದಲು ಬರೀ ಕಸ ಕಾಣುತ್ತದೆ: ಹುಲ್ಲಿನ ಬೀಜ, ತೊಗಟೆಯ ಚೂರು, ಕಂದು ಚುಕ್ಕೆಗಳು. ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಅದರಲ್ಲೊಂದು ಚುಕ್ಕೆ ನಡೆಯಲು ಶುರು ಮಾಡುತ್ತದೆ. ಮುಂಗಾಲು ಎತ್ತಿ ಗಾಳಿಯನ್ನು ತಡವುತ್ತ ನಿಮ್ಮ ಉಸಿರಿನ ಕಡೆಗೇ ಬರುತ್ತದೆ. ಎಳೆ ಉಣುಗು ಅದು. ಚಿಮುಟದಿಂದ ಎತ್ತಿ ಸೀಸೆಗೆ ಹಾಕಿ. ಉಗುರಿನಿಂದ ಒತ್ತಿ ಸಾಯಿಸಬೇಡಿ, ಅದರೊಳಗಿನದು ನಿಮ್ಮ ಬೆರಳಿಗೆ ಬೇಡ.

ನೂರು ಮೀಟರ್ ಎಳೆದರೆ ನೂರು ಚದರ ಮೀಟರ್ ಗುಡಿಸಿದ ಹಾಗಾಯಿತು. ನೂರು ಚದರ ಮೀಟರಿಗೆ ಇಷ್ಟು ಎಳೆ ಉಣುಗು ಎಂಬುದೇ ನಿಮ್ಮ ಅಳತೆಗೋಲು. ಕಾನಿನ ಒಳಗೆ, ಸೊಪ್ಪಿನ ಬೆಟ್ಟದಲ್ಲಿ, ದನದ ಜಾಡಿನಲ್ಲಿ, ದರಕಿನ ಜಾಗದಲ್ಲಿ, ತೋಟದ ಅಂಚಿನಲ್ಲಿ, ಹೀಗೆ ಐದು ಕಡೆ ಒಂದೊಂದು ಗೆರೆ ಗುರುತಿಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದೇ ಗೆರೆ, ಅದೇ ಹೊತ್ತು, ಸಾಧ್ಯವಾದರೆ ಅದೇ ಕೈ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮೊದಲ ವರ್ಷ ಉಣುಗು ಸಿಗದ ದಿನಗಳಲ್ಲಿ ಪುಸ್ತಕದಲ್ಲಿ ನಾನು ಏನನ್ನೂ ಬರೆಯಲಿಲ್ಲ. "ಏನೂ ಇಲ್ಲ, ಏನು ಬರೆಯುವುದು?" ಎಂದುಕೊಂಡೆ. ಮಾರ್ಚ್‌ನಲ್ಲಿ ಪುಸ್ತಕ ತೆರೆದಾಗ ಖಾಲಿ ತಾರೀಖುಗಳಲ್ಲಿ ಯಾವ ದಿನ ಹೋಗಿ ಸಿಗಲಿಲ್ಲ, ಯಾವ ದಿನ ಹೋಗಲೇ ಇಲ್ಲ ಎಂಬುದು ನನಗೇ ತಿಳಿಯಲಿಲ್ಲ. ಐದು ತಿಂಗಳ ನಡಿಗೆ ನೀರಿನಲ್ಲಿ ಹೋಮವಾಯಿತು. ಸೊನ್ನೆಯನ್ನು ಸೊನ್ನೆ ಎಂದು ಬರೆಯಿರಿ. ಹೋಗದ ದಿನಕ್ಕೆ "ಹೋಗಲಿಲ್ಲ" ಎಂದು ಬರೆಯಿರಿ.

ಜಾತಿ ಗುರುತಿಸಲು ನೂರಕ್ಕೆ ಎಪ್ಪತ್ತು ಆಲ್ಕೋಹಾಲ್ ಇರುವ ಸೀಸೆ ಸಾಕು. ವೈರಾಣು ಪತ್ತೆಗೆ ಉಣುಗನ್ನು ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಸಾಗಿಸಬೇಕು. ಅದು ಇಲಾಖೆಯ ಕೆಲಸ. ಈ ವೈರಾಣುವನ್ನು ಬೆಳೆಸಿ ಪರೀಕ್ಷಿಸುವುದು ಅತಿ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ. ಕಾಲೇಜಿನ ಲ್ಯಾಬಿನಲ್ಲಿ ಉಣುಗನ್ನು ಅರೆಯುವ ಸಾಹಸ ಯಾರೂ ಮಾಡಬೇಡಿ.

ಐದನೇ ಹೆಜ್ಜೆ: ಮಂಗ ಸತ್ತು ಬಿದ್ದಾಗ

ಮುಟ್ಟಬೇಡಿ. ಕೋಲಿನಿಂದ ತಿರುವಿ ನೋಡಬೇಡಿ. ಹನುಮಂತನ ಅಂಶವೆಂದು ಮಣ್ಣು ಮಾಡುವ, ಹೂವು ಹಾಕುವ ಪದ್ಧತಿ ನಮ್ಮ ಊರುಗಳಲ್ಲಿದೆ. ಆ ಭಕ್ತಿಗೆ ನಾನೂ ತಲೆಬಾಗುತ್ತೇನೆ. ಆದರೆ ಕೈಮುಗಿಯುವುದನ್ನು ದೂರದಿಂದಲೇ ಮುಗಿಸಿ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಕಳೇಬರಗಳ ಹತ್ತಿರ ಕೆಲಸ ಮಾಡಿದವರಿಗೇ ಸೋಂಕು ತಗುಲಿತ್ತು.

ದೂರದಲ್ಲಿ ನಿಂತು ಬರೆದುಕೊಳ್ಳಿ: ತಾರೀಖು, ಹೊತ್ತು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ಯಾವ ಮಂಗ, ದೊಡ್ಡದೋ ಮರಿಯೋ, ಕಳೇಬರ ಹೊಸದೋ ಕೊಳೆತದ್ದೋ, ಹತ್ತಿರ ವಿದ್ಯುತ್ ತಂತಿ ಇದೆಯೇ, ನಾಯಿ ಕಚ್ಚಿದ ಗಾಯವಿದೆಯೇ, ರಸ್ತೆಯ ಪಕ್ಕವೇ. ಸತ್ತ ಮಂಗಗಳೆಲ್ಲ ಕಾಯಿಲೆಯಿಂದಲೇ ಸತ್ತವಲ್ಲ. ತಂತಿ, ವಾಹನ, ವಿಷ, ನಾಯಿ ಎಲ್ಲವೂ ಕೊಲ್ಲುತ್ತವೆ. ದೂರದಿಂದ ಒಂದು ಫೋಟೊ ತೆಗೆಯಿರಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಕ್ಷಣ ಕರೆ ಮಾಡಿ. ತಡವಾದಷ್ಟೂ ಮಾದರಿ ಹಾಳಾಗುತ್ತದೆ. ಪಶುವೈದ್ಯರು ರಕ್ಷಾ ಉಡುಪು ತೊಟ್ಟು ಮಾದರಿ ತೆಗೆಯುತ್ತಾರೆ, ಕಳೇಬರವನ್ನು ಸುಡಿಸುತ್ತಾರೆ, ಸುತ್ತ ಸುಮಾರು 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕಿಸುತ್ತಾರೆ. ಅವರು ಬರುವ ತನಕ ದನ, ನಾಯಿ, ಮಕ್ಕಳು ಅತ್ತ ಹೋಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಆಮೇಲೂ ಆ ಕಡೆ ಆ ಬೇಸಗೆ ಮುಗಿಯುವ ತನಕ ದರಕು, ಸೊಪ್ಪಿಗೆ ಹೋಗಬೇಡಿ.

ಸಾವಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಎಷ್ಟು ಜನ, ಎಷ್ಟು ಗಂಟೆ ಆ ಪ್ರದೇಶದಲ್ಲಿ ಓಡಾಡಿದರು. ರಸ್ತೆಯ ಹತ್ತಿರ ಸತ್ತ ಮಂಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾನಿನ ನಡುವೆ ಸತ್ತದ್ದು ಹಂದಿ, ಕೀರಗಳ ಪಾಲಾಗುತ್ತದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ಈ ಕಾಯಿಲೆಗೆ ಪ್ರಾಣ ಕಳೆದುಕೊಂಡರು. ಅಂಥ ವರ್ಷ ಭಯದಿಂದ ಎಲ್ಲರೂ ಹುಡುಕುತ್ತಾರೆ, ಆದ್ದರಿಂದ ವರದಿಯೂ ಹೆಚ್ಚುತ್ತದೆ. ಹುಡುಕಾಟದ ಗಂಟೆ ಬರೆದಿದ್ದರೆ ಮಾತ್ರ, ಹೆಚ್ಚಿದ್ದು ಸಾವೋ ಹುಡುಕಾಟವೋ ಎಂದು ಹೇಳಬಹುದು.

ಆರನೇ ಹೆಜ್ಜೆ: ಪ್ರಯೋಗಾಲಯದ ಉತ್ತರವನ್ನು ಓದುವುದು

ವರದಿಯಲ್ಲಿ "ಸೋಂಕು ಕಂಡುಬಂದಿಲ್ಲ" ಎಂದು ಬಂದಾಗ ಊರಿಗೆ ಊರೇ ನಿಟ್ಟುಸಿರು ಬಿಡುತ್ತದೆ. ಎಷ್ಟನ್ನು ಪರೀಕ್ಷಿಸಿದರು ಎಂದು ಕೇಳಿ. ಒಂದು ಸುಲಭ ಸೂತ್ರ ನೆನಪಿಡಿ: ಪರೀಕ್ಷಿಸಿದ ಎಲ್ಲದರಲ್ಲೂ ಸೋಂಕಿಲ್ಲದಿದ್ದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಪ್ರಾಣಿಗಳಲ್ಲಿ ಒಂದರಲ್ಲೂ ಸಿಗದಿದ್ದರೂ ನೂರಕ್ಕೆ ಐದರಷ್ಟರಲ್ಲಿ ಸೋಂಕು ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ತೀರ ಚಿಕ್ಕ ಸಂಖ್ಯೆಗೆ ಈ ಸೂತ್ರ ಸರಿಹೊಂದದು, ಆದರೂ ಆರನ್ನಷ್ಟೇ ನೋಡಿದ್ದರೆ ಮೂರರಲ್ಲೊಂದರಲ್ಲಿ ಸೋಂಕು ಇರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಕೊಳೆತ ಕಳೇಬರದಿಂದ ತೆಗೆದ ಮಾದರಿಯಲ್ಲಿ ಸಿಗಲಿಲ್ಲ ಎಂಬುದಕ್ಕೆ ಇನ್ನೂ ಕಡಿಮೆ ತೂಕ.

ಉಣುಗುಗಳನ್ನು ಒಂದೊಂದಾಗಿ ಪರೀಕ್ಷಿಸುವುದಿಲ್ಲ, ಗುಂಪು ಮಾಡಿ ಅರೆದು ಪರೀಕ್ಷಿಸುತ್ತಾರೆ. ತಲಾ 50ರ 20 ಗುಂಪುಗಳಲ್ಲಿ ಎರಡರಲ್ಲಿ ವೈರಾಣು ಸಿಕ್ಕಿತೆಂದರೆ ಸಾವಿರಕ್ಕೆ ಕನಿಷ್ಠ ಎರಡು ಉಣುಗು ಸೋಂಕಿತ ಎಂದು ಓದಬೇಕು. "ನೂರಕ್ಕೆ ಹತ್ತು" ಎಂದು ವಾಟ್ಸ್ಯಾಪ್‌ನಲ್ಲಿ ಹಬ್ಬಿಸಿದರೆ ಅದು ಸುಳ್ಳು. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ರಕ್ತದಲ್ಲಿ ವೈರಾಣು ಸಿಕ್ಕರೆ ಸೋಂಕು ಈಗ ಇದೆ. ಸೋಂಕಿನ ವಿರುದ್ಧ ಮೈ ತಯಾರಿಸಿಕೊಳ್ಳುವ ಪ್ರತಿಕಾಯ ಮಾತ್ರ ಸಿಕ್ಕರೆ ಆ ಪ್ರಾಣಿ ಎಂದೋ ಸೋಂಕು ಕಂಡು ಬದುಕಿ ಉಳಿದಿದೆ. ಪ್ರತಿಕಾಯವಿರುವ ಇಲಿಗಳು ಹೆಚ್ಚಿದ್ದರೆ ಆ ಕಾಡಿನಲ್ಲಿ ವೈರಾಣು ಸದ್ದಿಲ್ಲದೆ ಸುತ್ತುತ್ತಿದೆ ಎಂದು ಅರ್ಥ, ಒಂದು ಮಂಗವೂ ಸಾಯದಿದ್ದರೂ.

ಈಗ ನವೆಂಬರ್‌ನ ಎಣಿಕೆಯನ್ನು ತೆಗೆಯಿರಿ. ಬಾಲ ತುಂಡಾದ ಗಂಡಿನ ಗುಂಪಿನಲ್ಲಿ ಆಗ 18 ಇದ್ದವು, ಫೆಬ್ರವರಿಯಲ್ಲಿ 11. ಸಿಕ್ಕ ಕಳೇಬರ ಎರಡೇ. ಉಳಿದ ಐದು ಎಲ್ಲಿ ಹೋದವು? ಬೇರೆ ಗುಂಪಿಗೆ ಸೇರಿರಬಹುದು, ಕಾಡಿನಲ್ಲಿ ಸತ್ತಿರಬಹುದು. ಈ ಪ್ರಶ್ನೆಯನ್ನು ಆರೋಗ್ಯಾಧಿಕಾರಿಯ ಮುಂದೆ ಅಂಕಿಗಳ ಸಮೇತ ಇಟ್ಟರೆ, ಹುಡುಕಾಟ ಆ ಗುಂಪು ತಿರುಗುವ ದಿಕ್ಕಿಗೆ ಹೊರಡುತ್ತದೆ. ಅಲ್ಲಿ ದರಕಿಗೆ ಹೋಗುವ ಮನೆಗಳಿಗೆ ತೈಲವೂ ಎಚ್ಚರಿಕೆಯೂ ಮೊದಲು ತಲುಪುತ್ತವೆ. ಇಷ್ಟೆಲ್ಲ ಎಣಿಸಿದ್ದು ಇದಕ್ಕಾಗಿ.

ಏಳನೇ ಹೆಜ್ಜೆ: ಸಂಜೆ ಮನೆಗೆ ಬಂದ ಮೇಲೆ

ಬಟ್ಟೆಯನ್ನು ಹೊರಗೇ ಬಿಚ್ಚಿ ಕುದಿಯುವ ನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ತೊಡೆಸಂದು, ಮಂಡಿಯ ಹಿಂಭಾಗ, ತಲೆಗೂದಲು, ಇಷ್ಟನ್ನೂ ಬೆಳಕಿನಲ್ಲಿ ನೋಡಿಸಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟವನ್ನು ಚರ್ಮಕ್ಕೆ ತೀರ ಹತ್ತಿರ ಇಟ್ಟು ನೇರವಾಗಿ ಎಳೆದು ತೆಗೆಯಿರಿ. ಸೀಮೆಎಣ್ಣೆ ಬಿಡುವುದು, ಬೀಡಿಯಿಂದ ಸುಡುವುದು ಬೇಡ. ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆದು, ತಾರೀಖನ್ನು ಅದೇ ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಬರೆಯಿರಿ.

ಆ ಪುಟವನ್ನು ಎರಡು ವಾರ ತೆರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ: ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿತ, ಮೈಕೈ ಕುಟ್ಟಿ ಪುಡಿ ಮಾಡಿದಂಥ ನೋವು. ನಿರ್ದಿಷ್ಟ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ಈಗ ನಿಲ್ಲಿಸಲಾಗಿದೆ. ಬೇಗ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಗುಣವಾಗುತ್ತಾರೆ. ನೂರರಲ್ಲಿ ಮೂರರಿಂದ ಐದು ಮಂದಿಯನ್ನು ಉಳಿಸಿಕೊಳ್ಳಲಾಗುವುದಿಲ್ಲ. ಅಂಗಡಿಯ ನೋವಿನ ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಜೊತೆಯಲ್ಲಿರಲಿ. "ಜ್ವರ ಬಂದಿದೆ" ಎನ್ನುವುದಕ್ಕೆ ಮೊದಲು "ಇಂಥ ತಾರೀಖು ಇಂಥ ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು" ಎಂದು ವೈದ್ಯರಿಗೆ ಹೇಳಿ.